ಬಲೆ ಎಂದದ್ದು ಯಾರಿಗೆ

ಮಧ್ಯಾಹ್ನ ಊಟ ಮುಗಿಸಿ ಸುಂದರಿ ಕಣ್ಣು ಮುಚ್ಚಿದರೆ ಸಾಕು, ದೂಮಪ್ಪ ಬಂದುಬಿಡುತ್ತಿದ್ದ. ಬದುಕಿದ್ದಾಗ ಒಂದು ದಿನವೂ ಹೇಳಿದ ಹೊತ್ತಿಗೆ ಮನೆ ಸೇರದ ಗಂಡಸು ತೀರಿಹೋದ ಮೇಲೆ ಇಷ್ಟೊಂದು ಶಿಸ್ತು ಎಲ್ಲಿಂದ ಕಲಿತನೋ. ಕನಸಿನಲ್ಲಿ ಅಂಗಳದ ಮರಳೆಲ್ಲ ನೀರಾಗಿರುತ್ತಿತ್ತು, ಪಾದ ಮುಳುಗುವಷ್ಟು ಮಾತ್ರ, ಬೆಚ್ಚಗೆ. ಅದರಲ್ಲಿ ಸದ್ದಿಲ್ಲದೆ ನಡೆದು ಬಂದು ಜಗಲಿಯ ಮೆಟ್ಟಿಲಲ್ಲಿ ಕೂರುತ್ತಿದ್ದ. ಅಂಗಿ ಒದ್ದೆ, ತಲೆ ಒದ್ದೆ, ಕಿವಿಯ ಮೇಲೆ ಸಿಕ್ಕಿಸಿದ ಬೀಡಿ ಮಾತ್ರ ಒಣಗಿರುತ್ತಿತ್ತು. ಅವಳ ಕಡೆ ತಿರುಗಿ ಒಂದೇ ಒಂದು ಮಾತು ಹೇಳುತ್ತಿದ್ದ.

“ಬಲೆ.”

ಸುಂದರಿ ನಿದ್ದೆಯಲ್ಲೇ ಮಗ್ಗುಲಾಗಿ ಗೋಡೆಗೆ ಮುಖ ಮಾಡುತ್ತಿದ್ದಳು. ಸತ್ತವರ ಮೇಲೆ ಮುನಿಸು ಇಟ್ಟುಕೊಳ್ಳಬಾರದು ಎಂದು ನೆರೆಹೊರೆಯವರು ಹೇಳುತ್ತಾರೆ. ಹೇಳುವವರಿಗೇನು, ಅವರ ಗಂಡಂದಿರ ಕೊನೆಯ ಮಾತು ಊರವರ ಫೋನುಗಳಲ್ಲೆಲ್ಲ ತಿರುಗಾಡುತ್ತಿಲ್ಲವಲ್ಲ.

ಅವರ ಮನೆ ಇದ್ದದ್ದು ತೋಟ ಬೆಂಗ್ರೆಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಮಲಗಿದ ಮರಳು. ಹೊಳೆ ದಾಟಿದರೆ ಮಂಗಳೂರಿನ ಹಳೆಯ ಬಂದರು. ದಾಟಲು ಫೆರಿ ದೋಣಿ. ದೂಮಪ್ಪ ನಾಡದೋಣಿಯೊಂದರ ತಂಡೇಲನಾಗಿದ್ದ, ಅಂದರೆ ದೋಣಿಯ ಮುಖ್ಯಸ್ಥ. ಅಲೆ ನೋಡಿ ಹೋಗಬೇಕೋ ಬೇಡವೋ ಎಂದು ಹೇಳಬೇಕಾದವನು. ಕಳೆದ ಮಳೆಗಾಲದಲ್ಲಿ, ಹೊಳೆ ಕಡಲು ಸೇರುವ ಅಳಿವೆಬಾಗಿಲಿನಲ್ಲಿ, ಮನೆಯ ಮಾಡು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಆ ದೋಣಿ ಮಗುಚಿತು. ಉಳಿದವರೆಲ್ಲ ಬದುಕಿದರು. ದೂಮಪ್ಪ ಒಬ್ಬ ಹೋದ.

ಸುಂದರಿ ಅತ್ತಳು. ಮಾಡಬೇಕಾದ ಕಾರ್ಯಗಳನ್ನೆಲ್ಲ ಮಾಡಿದಳು. ಆಮೇಲೆ ಮೊದಲಿನಂತೆ ಬೆಳಿಗ್ಗೆ ಬಂದರಿನಲ್ಲಿ ಮೀನು ಎತ್ತಿಕೊಂಡು ಮಣ್ಣಗುಡ್ಡದ ಮನೆಮನೆಗೆ ಬುಟ್ಟಿ ಹೊತ್ತು ನಡೆದಳು. ಅಲ್ಲಿಯವರೆಗೆ ಅವಳ ದುಃಖ ಬರೀ ದುಃಖವಾಗಿತ್ತು. ಅದಕ್ಕೆ ಕೋಪ ಬೆರೆಸಿದ್ದು ಮಣ್ಣಗುಡ್ಡದ ಆನ್ಸಿಬಾಯಿ; ಪಾಪ, ತುಂಬ ಒಳ್ಳೆಯ ಹೆಂಗಸು. ಗೇಟಿನ ಬಳಿ ಬಂಗುಡೆ ಆರಿಸುತ್ತ ಕುಳಿತವಳು ಇದ್ದಕ್ಕಿದ್ದಂತೆ ಕೈ ಒರೆಸಿಕೊಂಡು ಫೋನು ಚಾಚಿದಳು. “ಸುಂದರಿ, ಇದು ನಿಮ್ಮವರಲ್ವಾ?”

ದಡದಿಂದ ಯಾರೋ ತೆಗೆದ ವಿಡಿಯೋ. ಬೂದು ಬಣ್ಣದ ಅಲೆಗಳು, ಬೆನ್ನು ಮೇಲಾದ ದೋಣಿ, ಅದರ ಮೇಲೆ ಹೆಬ್ಬೆರಳಿನಷ್ಟು ಚಿಕ್ಕ ಮನುಷ್ಯ. ನೀರಿನ ಕಡೆ ಬಾಗಿ ಒಂದು ಕೈ ಚಾಚಿದ್ದ, ಏನೋ ಕೂಗುತ್ತಿದ್ದ. ಮೇಲೆ ಕೆಂಪು ಅಕ್ಷರದಲ್ಲಿ ‘ಜೀವಕ್ಕಿಂತ ಬಲೆಯೇ ದೊಡ್ಡದಾಯಿತೇ?’ ಎಂದು ಬರೆದಿತ್ತು. ಗಾಳಿಯ ಸದ್ದಿನ ನಡುವೆ ಅವನ ಕೂಗು ಕೇಳಿದಂತೆಲ್ಲ ಕೆಳಗೆ ಬಿಳಿ ಅಕ್ಷರ ಮೂಡುತ್ತಿತ್ತು: ‘ಬಲೆ… ಬಲೆ… ಬಲೆ…’ ಕೊನೆಗೆ ಹೆಂಗಸಿನ ಧ್ವನಿಯೊಂದು, ನಡುವೆ ಎಲ್ಲೂ ಉಸಿರೇ ತೆಗೆಯದೆ, ಬಲೆ ಉಳಿಸಿಕೊಳ್ಳಲು ಹೋಗಿ ಜೀವ ಕಳೆದುಕೊಂಡ ಮೀನುಗಾರನ ಕೊನೆಯ ಮಾತು ಇದು ಎಂದು ಓದಿ ಹೇಳಿತು. ಅದರ ಕೆಳಗೆ ಜನ ಬರೆದದ್ದನ್ನೂ ಸುಂದರಿ ಓದಿದಳು. ಹೆಂಡತಿ ಮಕ್ಕಳ ನೆನಪಾದರೂ ಆಗಬಾರದಿತ್ತಾ ಎಂದು ಯಾರೋ ಬರೆದಿದ್ದರು. ಬುಟ್ಟಿಯ ಐಸು ಕರಗಿ ಕಾಲಬುಡಕ್ಕೆ ಹರಿಯುತ್ತಿದ್ದರೂ ಅವಳಿಗೆ ಗೊತ್ತಾಗಲಿಲ್ಲ.

ಬಲೆ ಹೋದರೆ ಹೋಗಲಿ, ಇನ್ನೊಂದು ಬರುತ್ತಿತ್ತು. ಸಾಯುವ ಹೊತ್ತಿಗೆ ಅವನ ಬಾಯಿಗೆ ಬಂದದ್ದು ಹೆಂಡತಿಯ ಹೆಸರಲ್ಲ, ಮಗಳ ಹೆಸರಲ್ಲ, ನೂಲಿನ ಬಲೆ. ಇದನ್ನು ಅವಳು ಯಾರ ಹತ್ತಿರ ಹೇಳಿ ಅಳಬೇಕು?

ಅದೇ ವಾರ ಅಯ್ಯೂಬ್ ಬಂದಿದ್ದ. ಕಸಬಾ ಬೆಂಗ್ರೆಯವನು, ದೂಮಪ್ಪನ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು, ಆ ದಿನ ಬದುಕಿ ಬಂದವರಲ್ಲಿ ಒಬ್ಬ. ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಹೇಳಿದ.

“ಸುಂದರಿಯಕ್ಕ, ಅದು ಸುಳ್ಳು. ಬೇರೆಯವರೆಲ್ಲ ಇನ್ನೊಂದು ದೋಣಿ ಹತ್ತಿದ್ದರು. ನಾನೊಬ್ಬ ಹಗ್ಗಕ್ಕೆ ಸಿಕ್ಕಿ ನೀರಲ್ಲಿ ಉಳಿದೆ. ತಂಡೇಲರು ನನಗೆ ಕೈ ಚಾಚಿ ಬಲೆ, ಬಲೆ ಅಂತ ಕರೆದದ್ದು. ನಾನು ದೋಣಿ ಹಿಡಿದೆ. ಮತ್ತೆ ಬಂದ ಅಲೆ ಅವರನ್ನು ಕೊಂಡುಹೋಯ್ತು.”

ತುಳು ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮೀನು ಹಿಡಿಯುವ ಬಲೆಗೆ ತುಳುವಿನಲ್ಲೂ ಬಲೆಯೇ. ಆದರೆ ‘ಬನ್ನಿ’ ಎಂದು ಕರೆಯುವುದಕ್ಕೂ ‘ಬಲೆ’ ಎನ್ನುತ್ತಾರೆ. ಹಿರಿಯರನ್ನು, ಹಲವರನ್ನು ಕರೆಯುವಾಗ ‘ಬಲೆ’; ಸಲಿಗೆಯವನನ್ನು, ಕಿರಿಯನನ್ನು ಕರೆಯುವಾಗ ‘ಬಲ’. ಅಷ್ಟು ಚಿಕ್ಕ ವ್ಯತ್ಯಾಸ. ಸುಂದರಿ ಜೋತುಬಿದ್ದದ್ದು ಆ ವ್ಯತ್ಯಾಸಕ್ಕೇ.

“ನಿನ್ನನ್ನು ಅವರು ಯಾವತ್ತು ಬಲೆ ಅಂತ ಕರೆದದ್ದುಂಟು?” ಎಂದು ಕೇಳಿದಳು. “ಇದೇ ಜಗಲಿಯಲ್ಲಿ ಚಾ ಕೊಡುವಾಗ ‘ಅಯ್ಯೂಬಾ, ಬಲ’ ಅಂತಲ್ವಾ ಕರೀತಿದ್ದದ್ದು? ನೀನು ಅವರ ತಮ್ಮನಷ್ಟೂ ದೊಡ್ಡವನಲ್ಲ. ಕರೆದಿದ್ದರೆ ಬಲ ಅಂತಿದ್ದರು.”

ಅಯ್ಯೂಬ್ ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

“ನೀನು ನನ್ನ ಸಮಾಧಾನಕ್ಕೆ ಹೇಳ್ತಿ. ನನಗೆ ಗೊತ್ತುಂಟು. ಫೋನಿಗೆ ನನ್ನ ಮೇಲೆ ಎಂತ ಕರುಣೆ? ಅದು ಯಾಕೆ ಸುಳ್ಳು ಹೇಳ್ತದೆ?”

ಅಷ್ಟು ಹೇಳಿ ಒಳಗೆ ಹೋದಳು. ಅಯ್ಯೂಬ್ ಮತ್ತೆ ಆ ಅಂಗಳಕ್ಕೆ ಬರಲಿಲ್ಲ. ಅವಳ ಮಾತಿನಲ್ಲಿ ನ್ಯಾಯ ಇರಲಿಲ್ಲ ಎನ್ನುವಂತಿಲ್ಲ. ಪ್ರೀತಿ ಇದ್ದವರೇ ನಮಗೆ ಹೆಚ್ಚು ಸುಳ್ಳು ಹೇಳುವುದು, ನಮ್ಮ ಕಣ್ಣೀರು ನೋಡಲಾರದೆ. ಗುರುತಿಲ್ಲದವನಿಗೆ ಸುಳ್ಳು ಹೇಳಿ ಆಗಬೇಕಾದದ್ದೇನು ಎಂದು ಅವಳು ಯೋಚಿಸಿದಳು. ಗುರುತಿಲ್ಲದವನಿಗೆ ಸತ್ಯ ಹೇಳಿಯೂ ಆಗಬೇಕಾದದ್ದು ಏನೂ ಇರಲಿಲ್ಲ, ಜನ ನೋಡಿದರೆ ಸಾಕಿತ್ತು, ಎನ್ನುವುದು ಹೊಳೆಯಲಿಲ್ಲ.

ಹೀಗೆ ವರ್ಷ ತುಂಬುತ್ತ ಬಂತು. ವರ್ಷದ ದಿನ ತೀರಿಹೋದವನಿಗೆ ಎಲೆ ಹಾಕಿ, ಅವನಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲಿಗೆ ಬಂದು ಒಳಗೆ ಕರೆಯಬೇಕು. ಅವರ ಮನೆಯ ಪದ್ಧತಿಯಲ್ಲಿ ಕರೆಯುವವಳು ಅವನ ಹೆಂಡತಿ. ಕರೆದ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಸರಿದು ನಿಲ್ಲಬೇಕು. ಸತ್ತವನಿಗಿಂತ ಮೊದಲು ಯಾರೂ ಹೊಸಿಲು ದಾಟಬಾರದು.

“ನೀನು ಕರಿ,” ಎಂದಳು ಸುಂದರಿ ಮಗಳಿಗೆ. “ನನ್ನ ಬಾಯಿಯಿಂದ ಬರುದಿಲ್ಲ.”

ಮೋಕ್ಷಾ ಕಂಕನಾಡಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ರಜೆಯ ದಿನ, ತಲೆಗೆ ಎಣ್ಣೆ ಹಚ್ಚಿಕೊಂಡು ಮೆಟ್ಟಿಲಲ್ಲಿ ಕುಳಿತಿದ್ದಳು. ಹೊರಗೆ ಮಳೆ ನಿಂತಿತ್ತು, ಬೆಳಕಿನಲ್ಲಿ ನೀರಿನ ಪಸೆ ಇನ್ನೂ ಇತ್ತು. ತೆಂಗಿನ ಮರಗಳು ನೆಲಕ್ಕೆ ಅಂಟಿಕೊಳ್ಳದೆ ನಿಂತ ಹಾಗೆ ಕಾಣುತ್ತಿದ್ದವು.

“ನೀನು ಕರೆಯದೆ ಅಪ್ಪ ಬರ್ತಾರಾ ಅಮ್ಮ?”

“ಬಲೆ ಇದ್ದಲ್ಲಿಗೆ ಹೋಗ್ತಾರೆ.”

ಮೋಕ್ಷಾ ಎದ್ದು ಫೋನು ತಂದಳು. ಹಿಂದೆಯೂ ಹೇಳಲು ಹೊರಟದ್ದೇ. ಆಗ ತಾಯಿ ಕಿವಿಗೇ ಹಾಕಿಕೊಂಡಿರಲಿಲ್ಲ. ಈ ಸಲ ಪಕ್ಕದಲ್ಲಿ ಒತ್ತಿಕೊಂಡು ಕುಳಿತಳು.

“ಇದನ್ನು ಹಾಕಿದವ ಯಾರು ಗೊತ್ತುಂಟಾ? ಬಜಪೆಯಲ್ಲಿ ಕೂತುಕೊಂಡು ಚಾನೆಲ್ ನಡೆಸುವವ. ಇದೇ ಚಾನೆಲಲ್ಲಿ ಮೊನ್ನೆ ಸಕ್ಕರೆ ಕಾಯಿಲೆಗೆ ಎಂತದೋ ಸೊಪ್ಪಿನ ಮದ್ದು, ನಿನ್ನೆ ರಾಶಿಫಲ. ನಾನು ಮೆಸೇಜ್ ಹಾಕಿ ಕೇಳಿದೆ, ನೀವು ಅಳಿವೆಬಾಗಿಲಿಗೆ ಬಂದಿದ್ರಾ ಅಂತ. ಇಲ್ಲ, ಗ್ರೂಪಲ್ಲಿ ಬಂತು ಅಂದ. ಕೆಳಗೆ ಅಕ್ಷರ ಹಾಕಿದ್ದು ಯಾರು ಕೇಳಿದ್ರೆ, ಅದು ತನ್ನಷ್ಟಕ್ಕೆ ಬರ್ತದೆ ಅಂದ.”

“ತನ್ನಷ್ಟಕ್ಕೆ ಬರುದು ಅಂದ್ರೆ?”

“ಫೋನೇ ಕೇಳಿ ಬರೆಯುದು. ನೋಡು, ಈಗ ನೀನು ಇದಕ್ಕೆ ಎಂತಾದರೂ ಹೇಳು. ತುಳುವಲ್ಲೇ ಹೇಳು.”

ಸುಂದರಿಗೆ ನಾಚಿಕೆಯಾಯಿತು. ಫೋನನ್ನು ಮನೆಗೆ ಬಂದ ನೆಂಟರೆಂದು ಭಾವಿಸಿ, ಸೆರಗು ಸರಿ ಮಾಡಿಕೊಂಡು, “ಬಲೆ, ಕುಲ್ಲುಲೆ,” ಎಂದಳು. ಬನ್ನಿ, ಕುಳಿತುಕೊಳ್ಳಿ ಎಂದು.

ಫೋನು ಸ್ವಲ್ಪ ಯೋಚಿಸಿ ಕನ್ನಡದಲ್ಲಿ ಬರೆಯಿತು: ‘ಬಲೆ ಕಲ್ಲು ಎಲೆ’.

ಸುಂದರಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಇನ್ನೊಮ್ಮೆ ಓದಿದಳು. ಈ ಸಲ ಕುತೂಹಲ ತಡೆಯದೆ ತಾನೇ ಫೋನು ಹಿಡಿದು ಮಣ್ಣಗುಡ್ಡದ ಗೇಟಿನಲ್ಲಿ ಕೂಗುವ ರಾಗದಲ್ಲೇ ಕೇಳಿದಳು: “ಅಕ್ಕಾ, ಬಂಗುಡೆ ಬೋಡಾ?” ಬಂಗುಡೆ ಬೇಕಾ ಎಂದು ಕೇಳಿದ್ದಕ್ಕೆ ‘ಅಕ್ಕ ಬಂದು ಗುಡಿ ಬೇಡ’ ಎಂದು ಮೂಡಿತು.

ಅವಳಿಗೆ ನಗು ಬಂತು. ಎಷ್ಟೋ ದಿನದಿಂದ ನಗದ ಹೆಂಗಸು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಇದಕ್ಕೆ ವ್ಯಾಪಾರ ವಹಿಸಿದ್ರೆ ನಾವು ಉಪವಾಸವೇ ಮಾರಾಯ್ತಿ. ಬೇಕಾ ಅಂದ್ರೆ ಬೇಡ ಅಂತದೆ.”

“ಇದಕ್ಕೆ ತುಳು ಗೊತ್ತಿಲ್ಲ ಅಮ್ಮ. ಗೊತ್ತಿಲ್ಲ ಅಂತ ಹೇಳ್ಲಿಕ್ಕೂ ಗೊತ್ತಿಲ್ಲ. ಕೇಳಿದ್ದಕ್ಕೆ ಹತ್ತಿರದ ಕನ್ನಡ ಹಾಕ್ತದೆ. ಅದನ್ನು ನೋಡಿ ಅವ ಬಲೆಯ ಕತೆ ಕಟ್ಟಿದ. ಅವನನ್ನು ನೋಡಿ ಊರೆಲ್ಲ ನಂಬಿತು.”

ಸುಂದರಿ ನಗು ನಿಲ್ಲಿಸಿದಳು. ನೀರಿನ ಪಸೆಯ ಬೆಳಕಿನಲ್ಲಿ ಅವಳ ಮುಖ ಮೆಲ್ಲನೆ ಮೊದಲಿನಂತಾಯಿತು.

“ಅಕ್ಷರ ತಪ್ಪಿರಬಹುದು,” ಎಂದಳು. “ಧ್ವನಿ ಅವರದ್ದೇ ಅಲ್ವಾ? ನನ್ನ ಕಿವಿಯಲ್ಲೇ ಕೇಳಿದ್ದೇನೆ. ಬಲ ಅನ್ಲಿಲ್ಲ. ಬಲೆ ಅಂದದ್ದು.”

ಮೋಕ್ಷಾ ಫೋನು ಕೆಳಗಿಟ್ಟಳು. ಫೋನಿನಲ್ಲಿ ಎಲ್ಲಿ ಹುಡುಕಿದರೂ ಸಿಗುವ ಉತ್ತರವಲ್ಲ ಅದು. “ಅದು ನನಗೆ ಗೊತ್ತಿಲ್ಲ,” ಎಂದಳು. “ಅಲ್ಲಿ ಇದ್ದವರನ್ನೇ ಕೇಳ್ಬೇಕು.”

ಅಲ್ಲಿ, ಆ ಕೈಗೆ ಎಟಕುವಷ್ಟು ಹತ್ತಿರದಲ್ಲಿ ಇದ್ದವನು ಒಬ್ಬನೇ.

ಸಂಜೆಗೆ ಮುಂಚೆ ಸುಂದರಿ ಮರಳಿನ ಮೇಲೆ ಕಸಬಾ ಬೆಂಗ್ರೆಯ ಕಡೆ ನಡೆದಳು. ಕಡಲಿನ ಮೇಲಿಂದ ಮಂಜಿನಂಥದ್ದು ಎದ್ದು ದಡದ ದೋಣಿಗಳನ್ನು ಅರ್ಧ ನುಂಗಿತ್ತು. ಯಾವುದೋ ಮನೆಯ ಅಡುಗೆಯ ಹೊಗೆ, ಯಾರದೋ ಮಗುವಿನ ಅಳು, ಎಲ್ಲವೂ ದೂರದಿಂದ ಬಂದು ಅವಳನ್ನು ದಾಟಿ ಹೋಗುತ್ತಿದ್ದವು. ಮಲಗಿದ್ದೇನೋ ನಡೆಯುತ್ತಿದ್ದೇನೋ ಎಂದು ಅವಳಿಗೇ ಒಮ್ಮೆ ಅನುಮಾನವಾಯಿತು. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ: ನಿನ್ನನ್ನು ಕರೆದದ್ದು ಹೌದಾ ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾನೆ, ಹಾಗೆ ಕೇಳಬಾರದು. ಮೀನು ತಾಜಾ ಉಂಟಾ ಎಂದು ಮಾರುವವಳನ್ನೇ ಕೇಳುವ ಗಿರಾಕಿಗಳನ್ನು ಕಂಡು ಅವಳು ಎಷ್ಟೋ ಸಲ ಒಳಗೊಳಗೆ ನಕ್ಕಿದ್ದಳು.

ಅಯ್ಯೂಬ್ ಗೋಣಿಯ ಮೇಲೆ ಎಂಜಿನ್ ಬಿಚ್ಚಿ ಹರಡಿಕೊಂಡು ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಕೂತುಕೋ,” ಎಂದಳು. “ಒಂದು ಸಣ್ಣ ವಿಷಯ. ದೋಣಿಯಲ್ಲಿ ಚಾ ಕುಡಿಯುವಾಗ ಅವರು ನಿನಗೆ ಹೇಗೆ ಹೇಳ್ತಿದ್ದರು?”

ಯಾಕೆ ಕೇಳುತ್ತಾಳೆಂದು ಅವನಿಗೆ ಅರ್ಥವಾಗಲಿಲ್ಲ. ಎಣ್ಣೆಯ ಕೈ ಒರೆಸುತ್ತ, “ಚಾ ಪರ್ಲೆ ಅಂತಿದ್ದರು,” ಎಂದ. ಚಹಾ ಕುಡಿಯಿರಿ.

“ಕುಡಿ ಅಂತ ಅಲ್ವಾ? ಕುಡಿಯಿರಿ ಅಂತಾ?”

“ಕುಡಿ ಅನ್ನುದು ಇಲ್ಲಿ ಅಕ್ಕ, ನೆಲದಲ್ಲಿ. ದೋಣಿ ನೀರಿಗೆ ಬಿದ್ದ ಮೇಲೆ ಎಲ್ಲರಿಗೂ ಮರ್ಯಾದೆಯೇ. ಹೊಸತಾಗಿ ಬಂದವನಿಗೂ. ನಾವು ನಗ್ತಿದ್ದೆವು, ಎಂತ ತಂಡೇಲರೇ ಇದು ಅಂತ. ನೀರಲ್ಲಿ ಯಾರು ಯಾರನ್ನು ಎತ್ತಬೇಕಾಗ್ತದೆ ಗೊತ್ತಿಲ್ಲ, ಅದಕ್ಕೆ ಮರ್ಯಾದೆ ಮೊದಲೇ ಕೊಟ್ಟಿಡುದು ಅಂತಿದ್ದರು.”

ಸುಂದರಿ ಗೋಣಿಯ ಅಂಚಿನಲ್ಲಿ ಕುಳಿತಳು. “ಇದನ್ನು ಆ ದಿನ ಯಾಕೆ ಹೇಳ್ಲಿಲ್ಲ ನೀನು?”

“ಹೇಳ್ಲಿಕ್ಕೆ ಬಾಯಿ ತೆಗೆದೆ. ನೀವು ಒಳಗೆ ಹೋದಿರಿ.” ಅಯ್ಯೂಬ್ ತಲೆ ತಗ್ಗಿಸಿದ. “ಮತ್ತೆ ಬರ್ಲಿಕ್ಕೆ ಧೈರ್ಯ ಆಗ್ಲಿಲ್ಲ ಅಕ್ಕ. ಅವರು ಹೋದರು, ನಾನು ಉಳಿದೆ. ಉಳಿದವನೇ ಬಂದು ಹೇಳಿದ್ರೆ ಯಾರು ನಂಬ್ತಾರೆ?”

ಅವಳು ನಂಬಿದ್ದೂ ಅಲ್ಲ, ನಂಬದೆ ಇದ್ದದ್ದೂ ಅಲ್ಲ. ಅವರ ಕಡೆಯ ಹೆಂಗಸರು ಮೀನಿಗೆ ಕಡಲಿಗಿಳಿಯುವುದಿಲ್ಲ. ದೂಮಪ್ಪನ ಅರ್ಧ ಬದುಕು ನೀರಿನ ಮೇಲೆ ಕಳೆದಿತ್ತು, ಅಲ್ಲಿ ಅವನು ಹೇಗೆ ಮಾತಾಡುತ್ತಿದ್ದ ಎನ್ನುವುದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಅವನ ನಾಲಿಗೆ ತನಗೆ ಚೆನ್ನಾಗಿ ಗೊತ್ತು ಎಂದು ಇಷ್ಟು ಕಾಲ ಹಟ ಹಿಡಿದದ್ದು ಬರೀ ನೆಲದ ನಾಲಿಗೆಯ ಮೇಲೆ. ಆದರೂ ಒಳಗೊಂದು ಹುಳ ಕೊರೆಯುತ್ತಲೇ ಇತ್ತು: ಅಯ್ಯೂಬ್ ಒಳ್ಳೆಯವನು, ಒಳ್ಳೆಯವರು ಸಮಾಧಾನಕ್ಕೆ ಏನು ಬೇಕಾದರೂ ಹೇಳಿಯಾರು.

ಮರುದಿನ ಬೆಳಿಗ್ಗೆ ಫೆರಿ ಹತ್ತಿದಳು. ಹೊಳೆಯ ಮೇಲೆ ಬೆಳಕು ಇನ್ನೂ ಸರಿಯಾಗಿ ಬಿದ್ದಿರಲಿಲ್ಲ. ಆಚೆ ದಡ ಇದ್ದೂ ಇಲ್ಲದ ಹಾಗಿತ್ತು. ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅಂಚಿನಲ್ಲಿ ಕುಳಿತಳು; ಎಂಜಿನ್ನಿನ ಸದ್ದಿಗೆ ಕಣ್ಣು ಎಳೆಯಿತು. ದೂಮಪ್ಪ ಬಂದ. ಈ ಸಲ ಅಂಗಳಕ್ಕಲ್ಲ. ಅವನು ದೋಣಿಯಲ್ಲಿ ನಿಂತಿದ್ದ, ಅವಳು ದಡದ ಹಲಗೆಯ ಮೇಲೆ. ಅವನ ಅಂಗಿ ಒದ್ದೆಯಿರಲಿಲ್ಲ. ಬಿಳಿ, ಹೊಸದು, ಕಿಸೆಯಲ್ಲಿ ಮಲ್ಲಿಗೆಯ ಒಂದು ತುಂಡು.

ಅದು ಕನಸಲ್ಲ, ನೆನಪು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮದುವೆಯ ದಿನ. ಅವಳ ತವರು ಹೊಳೆಯ ಆಚೆ, ಮಂಗಳೂರಿನ ಕಡೆ. ದಿಬ್ಬಣ ಬೆಂಗ್ರೆಗೆ ದೋಣಿಯಲ್ಲೇ ಹೋಗಬೇಕಿತ್ತು. ಹೊಸ ಸೀರೆ ಎತ್ತಿ ಹಿಡಿದು ಹಲಗೆಯ ಮೇಲೆ ನಡುಗುತ್ತ ನಿಂತ ಹುಡುಗಿಗೆ ದೋಣಿಯೊಳಗಿಂದ ಮದುಮಗ ಕೈ ಚಾಚಿ, “ಬಲೆ,” ಎಂದಿದ್ದ. ಬನ್ನಿ. ಅವಳ ತಂಗಿಯಂದಿರಿಗೆ ಅದೊಂದು ಸಾಕಾಯಿತು. ಭಾವ ಹೆಂಡತಿಗೆ ಮರ್ಯಾದೆ ಕೊಡುತ್ತಾರೆ ಎಂದು ಎಷ್ಟೋ ದಿನ ಕಾಡಿದರು. ಬೆಂಗ್ರೆಯ ಮರಳಿಗೆ ಕಾಲಿಟ್ಟ ಮೇಲೆ ಅವನು ಎಲ್ಲ ಗಂಡಂದಿರ ಹಾಗೆ ಬಲ ಎಂದೇ ಕರೆದ. ಆ ದಿನದ್ದು ಗಾಬರಿಗೋ ತಮಾಷೆಗೋ ಬಂದ ಮಾತು ಎಂದುಕೊಂಡು ಅವಳು ಮರೆತಿದ್ದಳು. ಆಮೇಲೆ ಇಬ್ಬರೂ ಒಂದೇ ದೋಣಿಯಲ್ಲಿ ಕುಳಿತದ್ದೇ ಇಲ್ಲ. ಅವನಿಗೆ ಅವನ ದೋಣಿ, ಇವಳಿಗೆ ಫೆರಿ.

ಇದನ್ನು ಅವಳಿಗೆ ಅಯ್ಯೂಬ್ ಹೇಳಿದ್ದಲ್ಲ. ಅವನು ಆಗ ಇನ್ನೂ ತಾಯಿಯ ಸೊಂಟ ಬಿಟ್ಟಿರಲಿಲ್ಲ. ಮೋಕ್ಷಾ ಹೇಳಿದ್ದಲ್ಲ. ಇದರ ಕೆಳಗೆ ಯಾರೂ ಅಕ್ಷರ ಬರೆದಿರಲಿಲ್ಲ. ಇದು ಅವಳದೇ ಕಿವಿ ಕೇಳಿದ್ದು.

ಸುಂದರಿ ಫೋನು ತೆಗೆದು ಆ ವಿಡಿಯೋ ಹುಡುಕಿದಳು. ಕೆಂಪು ಅಕ್ಷರ ಬರುವ ಜಾಗಕ್ಕೆ ಒಂದು ಬೆರಳು, ಬಿಳಿ ಅಕ್ಷರ ಬರುವ ಜಾಗಕ್ಕೆ ಹೆಬ್ಬೆರಳು ಒತ್ತಿ ಮುಚ್ಚಿ, ನಡುವೆ ಉಳಿದದ್ದನ್ನು ಮಾತ್ರ ನೋಡಿದಳು. ಇಷ್ಟು ಸಲ ನೋಡಿಯೂ ಅವಳು ಓದಿದ್ದೇ ಹೊರತು ನೋಡಿರಲಿಲ್ಲ. ಬಾಗಿದ ಮನುಷ್ಯ, ಚಾಚಿದ ಕೈ. ಬಲೆ ಹಿಡಿಯುವ ಕೈಯಾದರೆ ಅಂಗೈ ಕೆಳಗಿರಬೇಕು. ಆ ಕೈಯ ಅಂಗೈ ಮೇಲಿತ್ತು, ಹಲಗೆಯ ಮೇಲೆ ನಿಂತ ಹುಡುಗಿಗೆ ಚಾಚಿದ ಹಾಗೆಯೇ. “ಬಲೆ,” ಎಂದಿತು ಗಾಳಿಯೊಳಗಿನ ಧ್ವನಿ.

ಅವಳು ಫೆರಿಯಲ್ಲೇ ಅತ್ತಳು. ಎದುರು ಕುಳಿತವರು ಮುಖ ತಿರುಗಿಸಿಕೊಂಡರು. ಇಡೀ ವರ್ಷ ಆ ಮನುಷ್ಯ ಮೆಟ್ಟಿಲ ತನಕ ಬಂದು ಬಂದು ಹೋಗಿದ್ದ, ಅವಳು ಗೋಡೆ ನೋಡಿಕೊಂಡು ಮಲಗಿದ್ದಳು.

ವರ್ಷದ ದಿನ ಮೋಡ ಮುಚ್ಚಿತ್ತು, ಮಳೆ ಬರಲಿಲ್ಲ. ಸುಂದರಿ ಹುಳಿಖಾರ ಅರೆದು ಬಂಗುಡೆಯ ಪುಳಿಮುಂಚಿ ಮಾಡಿದಳು, ಕುಚ್ಚಲಕ್ಕಿಯ ಅನ್ನ ಬಡಿಸಿದಳು, ಎಲೆಯ ಪಕ್ಕದಲ್ಲಿ ಒಂದು ಬೀಡಿ ಇಟ್ಟಳು. ದೂಮಪ್ಪನ ಅಕ್ಕ ಬಂದಿದ್ದಳು. ಹತ್ತಿರದ ನಾಲ್ಕು ಜನ ನೆಂಟರು ಜಗಲಿಯ ಬದಿಗೆ ಸರಿದು ನಿಂತರು. ಮೋಕ್ಷಾ ಹೇಳಿಕಳಿಸಿದ್ದಕ್ಕೆ ಅಯ್ಯೂಬ್ ಕೂಡ ಬಂದಿದ್ದ. ಅಂಗಳದ ತೆಂಗಿನ ಮರದ ಬುಡ ದಾಟಿ ಮುಂದೆ ಬರಲು ಅವನಿಗೆ ಕಾಲು ಏಳಲಿಲ್ಲ.

ಸುಂದರಿ ಹೊಸಿಲಿನಲ್ಲಿ ನಿಂತು ಕಡಲಿನ ಕಡೆ ನೋಡಿದಳು. ಮೋಡದ ಬೆಳಕಿಗೆ ಅಂಗಳದ ಮರಳು ನೀರಿನ ಹಾಗೆ ಕಾಣುತ್ತಿತ್ತು, ಪಾದ ಮುಳುಗುವಷ್ಟು. ಅಂಗೈ ಮೇಲೆ ಮಾಡಿ ಕೈ ಚಾಚಿದಳು.

“ಬಲೆ,” ಎಂದಳು.

ತೆಂಗಿನ ಮರದ ಬುಡದಲ್ಲಿದ್ದ ಅಯ್ಯೂಬ್ ತಲೆ ಎತ್ತಿದ. ಆ ಮಾತನ್ನು ಅವನು ಇದಕ್ಕೆ ಮೊದಲು ಹಾಗೆ, ಆ ಕೈಯ ಜೊತೆ, ಒಂದೇ ಸಲ ಕೇಳಿದ್ದ. ಯಾರನ್ನು ಕರೆದದ್ದು, ಏನು ಪದ್ಧತಿ ಎಂದು ಯೋಚಿಸುವಷ್ಟರಲ್ಲಿ ಅವನ ಕಾಲು ಅಂಗಳ ದಾಟಿ, ಮೆಟ್ಟಿಲು ಹತ್ತಿ, ಹೊಸಿಲ ಮುಂದೆ ನಿಂತಿತ್ತು.

“ಅಯ್ಯೋ, ಅವನನ್ನು ತಡೆಯಿರಿ,” ಎಂದಳು ದೂಮಪ್ಪನ ಅಕ್ಕ ಕೆಳದನಿಯಲ್ಲಿ. “ಈಗ ಯಾರೂ ದಾಟ್ಲಿಕ್ಕಿಲ್ಲ.”

ಅಯ್ಯೂಬ್‌ಗೆ ಆಗ ಎಚ್ಚರವಾಯಿತು. ಹಿಂದೆ ಸರಿಯಹೊರಟ. ಸುಂದರಿ ಚಾಚಿದ ಕೈಯಲ್ಲೇ ಅವನ ಮಣಿಕಟ್ಟು ಹಿಡಿದಳು.

“ಇರಲಿ ಅತ್ತಿಗೆ,” ಎಂದಳು. “ಒಬ್ಬರನ್ನೇ ಕರೆಯುವ ಮಾತಲ್ಲ ಅದು. ಇಬ್ಬರೂ ಒಟ್ಟಿಗೆ ಬಂದಿದ್ದಾರೆ.”

ಮತ್ತೆ ಅವನ ಕಡೆ ತಿರುಗಿ, ಜಗಲಿಯಲ್ಲಿ ಇಷ್ಟು ವರ್ಷ ನೀನು ಎಂದೇ ಕರೆದವನಿಗೆ, “ಬಲೆ, ಕುಲ್ಲುಲೆ,” ಎಂದಳು.

ಮೋಕ್ಷಾ ಒಳಗೆ ಹೋಗಿ ಇನ್ನೊಂದು ಎಲೆ ತಂದು ಹಾಕಿದಳು.